ಇಲ್ಲದ ಮಂದಿರದೊಳಗಿನ ಸಂಗೀತ

ಕನ್ನಡಿಯ ಮುಂದೆ ನಿಂತವನಿಗೆ ತನ್ನ ರೂಪವು ಗಾಜಿನ ಹಿಂದೆ, ತಾನು ಎಷ್ಟು ಮುಂದೆ ನಿಂತಿರುವನೋ ಅಷ್ಟೇ ದೂರದಲ್ಲಿ ತೋರುತ್ತದೆ. ಗಾಜಿನ ಹಿಂದೆ ಇರುವುದಾದರೋ ಬರಿಯ ಗೋಡೆ. ಅಲ್ಲಿಂದ ಒಂದು ಕಿರಣವೂ ಹೊರಟಿಲ್ಲ. ಆದರೂ ಕಣ್ಣನ್ನು ಸೇರುವ ಕಿರಣಗಳು, ಅಲ್ಲಿಂದಲೇ ಹೊರಟಿದ್ದರೆ ಯಾವ ದಿಕ್ಕಿನಿಂದ ಬರುತ್ತಿದ್ದುವೋ ಅದೇ ದಿಕ್ಕಿನಿಂದ ಬರುತ್ತವೆ. ಇಂಥ ಬಿಂಬವನ್ನು ಮಿಥ್ಯಾಬಿಂಬವೆಂದು ಕರೆಯುವುದು ವಾಡಿಕೆ. ಈ ಪಾಠವನ್ನು ಹೇಳುವಾಗಲೆಲ್ಲ, 'ಮಿಥ್ಯಾ' ಎಂದರೆ 'ಸುಳ್ಳು' ಎಂದು ವಿದ್ಯಾರ್ಥಿಗಳು ತಿಳಿಯದಂತೆ ನಾನು ಎಚ್ಚರಿಸಬೇಕಾಗುತ್ತದೆ. ಬಿಂಬವು ಅಲ್ಲಿಲ್ಲವೆಂಬುದು ನಿಜ. ಆದರೆ ಅದನ್ನು ನೋಡಿಕೊಂಡು ತಲೆ ಬಾಚಬಹುದು, ಗಾಯವಾಗದಂತೆ ಗಡ್ಡವನ್ನೂ ಹೆರೆದುಕೊಳ್ಳಬಹುದು.

ಕಣ್ಣಿಗೆ ಮಿಥ್ಯಾಬಿಂಬ ಉಂಟಾಗುವಂತೆ ಕಿವಿಗೂ ಉಂಟಾಗಬಲ್ಲುದೆ? ಎಲ್ಲಿಯೂ ಇಲ್ಲದ ಒಂದು ಕಟ್ಟಡದ, ಎಲ್ಲಿಯೂ ಇಲ್ಲದ ಒಂದು ಮೂಲೆಯಿಂದ ಹಾಡು ಕೇಳಿಬರುವಂತೆ ಮಾಡಬಹುದೆ? ಮಾಡಬಹುದೆಂಬುದನ್ನು ನಾನು ಪುಸ್ತಕಗಳಿಂದ ಬಲ್ಲವನಾಗಿದ್ದರೂ ಅದನ್ನು ಅನುಭವಕ್ಕೆ ತಂದುಕೊಟ್ಟವನು ನನ್ನ ವಿದ್ಯಾರ್ಥಿಯೊಬ್ಬ. ಪಾಠ ಮುಗಿದ ಮೇಲೆ ಆತನು ತನ್ನ ಕಂಪ್ಯೂಟರನ್ನು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು, ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟು, "ಇದರೊಳಗೆ ಒಂದು ಸುತ್ತು ಹೋಗಿ ಬನ್ನಿ ಸಾರ್" ಎಂದನು. ಹೋಗಿ ಬರಲು ಎರಡು ಗಂಟೆ ಹಿಡಿಯಿತು.

ಮುಂದುವರಿಯುವ ಮೊದಲು ನನ್ನ ಸ್ವಂತದ ಒಂದು ಸಂಗತಿಯನ್ನು ಹೇಳಿಬಿಡಬೇಕು. ನನ್ನ ಎಡಗಿವಿ ಮಂದ. ಎಳೆವೆಯಲ್ಲಿ ಬಹುಕಾಲ ಕಿವಿ ಸೋರುತ್ತಿದ್ದುದರ ಫಲ. ಪೂರ್ತಿ ಕಿವುಡಲ್ಲ, ಆದರೆ ಎಡಗಡೆಯಿಂದ ಯಾರಾದರೂ ಮೆಲ್ಲಗೆ ಕರೆದರೆ ನಾನು ಬಲಕ್ಕೆ ತಿರುಗುತ್ತೇನೆ. ತರಗತಿಯ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಮಾತಾಡಬೇಕೆನ್ನುವವರು ನನ್ನ ಎಡಗಡೆಯ ಬೆಂಚುಗಳನ್ನೇ ಆರಿಸಿಕೊಳ್ಳುತ್ತಾರೆ. ಎರಡು ಕಿವಿಗಳ ಮೇಲೆ ಕಟ್ಟಿದ ಒಂದು ವಿದ್ಯೆಯನ್ನು ಒಂದೂವರೆ ಕಿವಿಯವನು ಪರೀಕ್ಷಿಸಿದ ಕಥೆಯಿದು ಎಂಬುದು ವಾಚಕರ ನೆನಪಿನಲ್ಲಿರಲಿ.

ಆತನು ತೋರಿಸಿದುದು ರೇಡಿಯೋಹೆಡ್ ಎಂಬ ಇಂಗ್ಲಿಷ್ ರಾಕ್ ವಾದ್ಯಮೇಳದ ಸಂಗೀತ ಮತ್ತು ಚಿತ್ರಗಳ ಪ್ರದರ್ಶನ. ಆಕ್ಸ್‌ಫರ್ಡ್ ಸೀಮೆಯ ಆಬಿಂಗ್ಡನ್ ಊರಿನ ಒಂದೇ ಶಾಲೆಯಲ್ಲಿ ಓದಿದ ಐವರು 1985ರಲ್ಲಿ ಕಟ್ಟಿದ ತಂಡವಿದು. ಗಿಟಾರು ಡ್ರಮ್ಮುಗಳ ರಾಕ್ ಸಂಗೀತದಿಂದ ಲೋಕಪ್ರಸಿದ್ಧರಾದ ಮೇಲೆ, 2000ದ ಅಕ್ಟೋಬರಿನಲ್ಲಿ ಹೊರಬಂದ 'ಕಿಡ್ ಎ', 2001ರ ಜೂನಿನಲ್ಲಿ ಹೊರಬಂದ 'ಆಮ್ನೀಸಿಯಾಕ್' ಎಂಬ ಎರಡು ಆಲ್ಬಮ್ಮುಗಳಲ್ಲಿ ಇವರು ಆ ಮಾರ್ಗವನ್ನು ಬಹುಮಟ್ಟಿಗೆ ತೊರೆದು, ವಿದ್ಯುತ್ ವಾದ್ಯಗಳನ್ನೂ ಕಂಪ್ಯೂಟರನ್ನೂ ಹಿಡಿದರು. ರಾಕ್ ಸಂಗೀತದಲ್ಲಿ ನನಗೆ ವಿಶೇಷ ಅಭಿರುಚಿಯಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಈ ಎರಡು ಆಲ್ಬಮ್ಮುಗಳ ಒಳಹೊಕ್ಕು ನೋಡಿದರೆ ಭೌತಶಾಸ್ತ್ರದ ಉಪಾಧ್ಯಾಯನಿಗೆ ಹಳೆಯ ಗೆಳೆಯರು ಹಲವರು ಸಿಕ್ಕುತ್ತಾರೆ. ತಂಡದ ಜಾನಿ ಗ್ರೀನ್‌ವುಡ್ 'ಕಿಡ್ ಎ'ಯಲ್ಲಿ ನುಡಿಸಿರುವ ಓಂಡ್ ಮಾರ್ಟನೋ ಎಂಬ ವಾದ್ಯವನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ನಿಸ್ತಂತು ವಾರ್ತೆಯ ಕೆಲಸದಲ್ಲಿದ್ದ ಮೋರಿಸ್ ಮಾರ್ಟನೋ ಎಂಬ ಫ್ರೆಂಚನು 1928ರಲ್ಲಿ ಪ್ಯಾರಿಸ್ಸಿನ ಜನರ ಮುಂದಿಟ್ಟ ವಾದ್ಯವದು. ಕಿವಿಗೆ ಕೇಳಿಸದಷ್ಟು ವೇಗದ ಎರಡು ವಿದ್ಯುತ್ ಕಂಪನಗಳನ್ನು ಬೆರೆಸಿ, ಅವುಗಳ ಅಂತರವನ್ನು ಮಾತ್ರ ಕೇಳಿಸುವುದು ಅದರ ಮರ್ಮ. ಒಂದು ಸೆಕೆಂಡಿಗೆ 80,000 ಸಲ, ಇನ್ನೊಂದು 80,440 ಸಲ ಕಂಪಿಸಿದರೆ, ನಮಗೆ ಕೇಳುವುದು 440 ಕಂಪನಗಳ ಸ್ವರ. ಎರಡು ಶ್ರುತಿಕವೆಗಳಿಂದ ನಾವು ತೋರಿಸುವ ವಿಸ್ಪಂದಗಳ ಪಾಠವೇ ಇದು. 'ಇಡಿಯೋಟೆಕ್' ಎಂಬ ಹಾಡಿನ ಅಡಿಯಲ್ಲಿ ಹರಿಯುವ ಸ್ವರಗುಚ್ಛವನ್ನಂತೂ, ಪಾಲ್ ಲ್ಯಾನ್ಸ್ಕಿ ಎಂಬ ಅಮೆರಿಕದ ಸಂಗೀತಗಾರರು 1973ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕೋಣೆ ತುಂಬುವ ಗಾತ್ರದ ಐ.ಬಿ.ಎಂ. ಗಣಕಯಂತ್ರದಿಂದ ಲೆಕ್ಕ ಹಾಕಿಸಿ ಪಡೆದ ಕೃತಿಯಿಂದ ಎತ್ತಿಕೊಳ್ಳಲಾಗಿದೆ.

ಈ ಎರಡು ಆಲ್ಬಮ್ಮುಗಳಿಗೆ ಇಪ್ಪತ್ತು ವರ್ಷ ತುಂಬುವ ಸಂದರ್ಭದಲ್ಲಿ, ಹಾಡುಗಾರ ಟಾಮ್ ಯಾರ್ಕ್ ಮತ್ತು ತಂಡದ ಚಿತ್ರಕಾರ ಸ್ಟ್ಯಾನ್ಲಿ ಡಾನ್‌ವುಡ್ ಇವರು ಲಂಡನ್ನಿನಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಲು ಯೋಚಿಸಿದರು. ಹಡಗಿನ ಸರಕುಪೆಟ್ಟಿಗೆಗಳನ್ನು ಬೆಸೆದು ಕೆಂಪು ಬಣ್ಣದ ಒಂದು ಭಾರಿ ಕಟ್ಟಡವನ್ನು ರಚಿಸಿ, ಅದು ಆಕಾಶನೌಕೆಯಂತೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಮೇಲೆ ಬಂದು ಬಿದ್ದಂತೆ ತೋರಿಸಬೇಕೆಂದು ಅವರ ಆಸೆ. ಅದು ಕೈಗೂಡಲಿಲ್ಲ. ರಾಯಲ್ ಆಲ್ಬರ್ಟ್ ಹಾಲಿನ ಪಕ್ಕಕ್ಕೆ ಸ್ಥಳವನ್ನು ಬದಲಿಸಿದರು. ವೆಸ್ಟ್‌ಮಿನ್‌ಸ್ಟರ್ ಪೌರಸಭೆಯವರು ಒಪ್ಪಲಿಲ್ಲ. ಅಷ್ಟರಲ್ಲಿ ಕೋವಿಡ್ ಬಂದು ಎಲ್ಲ ಬಾಗಿಲುಗಳನ್ನೂ ಮುಚ್ಚಿತು. ಕಟ್ಟಡವು ಇಲ್ಲದಿರುವುದೇ ಲೇಸೆಂಬ ಯೋಚನೆ ಅವರಿಗೆ ಹೊಳೆದುದು ಆಗ. ಇಲ್ಲದ ಕಟ್ಟಡಕ್ಕೆ ಯಾವ ಪೌರಸಭೆಯ ಅಪ್ಪಣೆ ಬೇಕು? ಅದರ ಗೋಡೆಗಳಿಗೆ ಭಾರವಿಲ್ಲ, ಚಾವಣಿಗೆ ಕಂಬ ಬೇಡ. ಕಂಪ್ಯೂಟರ್ ಆಟಗಳನ್ನು ರಚಿಸುವ ಎಪಿಕ್ ಗೇಮ್ಸ್ ಸಂಸ್ಥೆಯ ಸಹಕಾರದಿಂದ, ಅಂಥ ಆಟಗಳಿಗೆ ಬಳಸುವ ತಂತ್ರಾಂಶದಲ್ಲೇ ಇದನ್ನು ಕಟ್ಟಿ, 'ಕಿಡ್ ಎ ನೀಸಿಯಾ ಪ್ರದರ್ಶನ' ಎಂಬ ಹೆಸರಿನಿಂದ 2021ರ ನವೆಂಬರ್ 18ರಂದು ಉಚಿತವಾಗಿ ಬಿಡುಗಡೆ ಮಾಡಿದರು.

ಇದು ಆಟವಲ್ಲ. ಗೆಲ್ಲುವವರಿಲ್ಲ, ಸೋಲುವವರಿಲ್ಲ, ಕೊಲ್ಲುವ ಕಾಟವೂ ಇಲ್ಲ. ಕಣ್ಣಿಗೆ ಯಂತ್ರವನ್ನು ಕಟ್ಟಿಕೊಳ್ಳಬೇಕಾದುದೂ ಇಲ್ಲ. ಸಾಮಾನ್ಯ ತೆರೆಯ ಮೇಲೆಯೇ ನೋಡುವಂಥದು. ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಗೀಚಿದಂಥ ಮರಗಳ ಕಾಡು. ಅದನ್ನು ದಾಟಿದರೆ ಒಂದು ಬಾಗಿಲು. ಒಳಗೆ ಓಣಿಗಳು, ಮೆಟ್ಟಿಲುಗಳು, ಒಂದರೊಳಗೊಂದು ತೆರೆದುಕೊಳ್ಳುವ ಕೊಠಡಿಗಳು, ಒಂದು ಕಡೆ ದೊಡ್ಡದೊಂದು ಪಿರಮಿಡ್ಡು. ಗೋಡೆಗಳ ಮೇಲೆ ಡಾನ್‌ವುಡ್ ಮತ್ತು ಯಾರ್ಕ್ ಆ ಕಾಲದಲ್ಲಿ ಬರೆದ ಚಿತ್ರಗಳು, ಟಿಪ್ಪಣಿಗಳು, ಗೀಚುಗಳು: ಹಿಮದ ಪರ್ವತಗಳು, ಹಲ್ಲು ಕಿರಿಯುವ ಕರಡಿ, ಕಣ್ಣೀರಿಡುವ ಮಿನೋಟಾರ್. ಮಿನೋಟಾರ್ ಎಂದರೆ ಗ್ರೀಕರ ಪುರಾಣದಲ್ಲಿ ಸುತ್ತುಬಳಸಿನ ಮನೆಯೊಳಗೆ ಸೆರೆಯಾಗಿದ್ದ, ಗೂಳಿಯ ತಲೆಯ ಮನುಷ್ಯ. ಅವನ ಮನೆಯಲ್ಲೇ ನಾವು ಸುತ್ತುತ್ತಿರುವೆವೋ ಎನ್ನಿಸದಿರದು. ಚಿತ್ರಗಳ ಗುಣದೋಷವನ್ನು ಬಲ್ಲವರು ಹೇಳಲಿ. ನನ್ನನ್ನು ಹಿಡಿದು ನಿಲ್ಲಿಸಿದುದು ಸದ್ದು.

ಅಲ್ಲಿ ಹಾಡುಗಳು ಆಲ್ಬಮ್ಮಿನಲ್ಲಿರುವಂತೆ ಕೇಳಿಸುವುದಿಲ್ಲ. ಒಂದು ಹಾಡಿನ ಕಂಠವು ಒಂದು ಮೂಲೆಯಲ್ಲಿ, ವಾದ್ಯವು ಇನ್ನೊಂದರಲ್ಲಿ, ತಾಳವು ಗೋಡೆಯ ಆಚೆ. ನಾವು ನಡೆದ ಹಾಗೆಲ್ಲ ಒಂದು ಮುಂದೆ ಬಂದು ಮತ್ತೊಂದು ಹಿಂದೆ ಸರಿಯುತ್ತದೆ. ಇದು ಹೇಗೆ ಸಾಧ್ಯವಾಯಿತು? ಕುದಿದು ಇಳಿಸಿದ ಸಾರಿನಿಂದ ಹುಳಿಯನ್ನೂ ಉಪ್ಪನ್ನೂ ಬೇರ್ಪಡಿಸಲಾಗದು. ಬೆರೆಸಿ ಮುಗಿದ ಧ್ವನಿಮುದ್ರಿಕೆಯನ್ನೂ ಪೂರ್ತಿ ಶುದ್ಧವಾಗಿ ಬಿಡಿಸುವುದು ಕಷ್ಟ. ಆದರೆ ಮುದ್ರಣಶಾಲೆಯಲ್ಲಿ ಪ್ರತಿಯೊಂದು ವಾದ್ಯವನ್ನೂ ಕಂಠವನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿದಿಟ್ಟು ಕೊನೆಗೆ ಬೆರೆಸುವ ಪದ್ಧತಿಯುಂಟು. ಆ ಮೂಲಪಟ್ಟಿಗಳು ಉಳಿದಿದ್ದುವು. ಅವುಗಳನ್ನು ಈ ಮಂದಿರಕ್ಕಾಗಿ ಮರಳಿ ಜೋಡಿಸಿದವರಲ್ಲಿ ಮುಖ್ಯರು, ಮೊದಲ ಸಲ ಬೆರೆಸಿದ್ದ ನೈಜೆಲ್ ಗಾಡ್‌ರಿಚ್ ಅವರೇ. ಹೊಸದಾಗಿ ಏನನ್ನೂ ಹಾಡಲಿಲ್ಲ, ಹೊಸ ಚಿತ್ರವನ್ನು ಬರೆಯಲಿಲ್ಲ. ಹಳೆಯದನ್ನೇ ಬಿಡಿಸಿ ಕೊಠಡಿಗಳಲ್ಲಿ ಹರವಿದರು.

ಎರಡು ಕಿವಿಗಳ ಲೆಕ್ಕ

ಹಾಗೆ ಹರವಿದ ಸದ್ದು 'ಅಲ್ಲಿದೆ' ಎಂದು ನಮಗೆ ತಿಳಿಯುವುದೆಂತು? ಹೆಡ್‌ಫೋನಿನಲ್ಲಿರುವುದು ಎರಡೇ ಬಿಲ್ಲೆಗಳು. ಎರಡೂ ಕಿವಿಗೆ ಅಂಟಿಕೊಂಡಿವೆ. ದೂರದ ಮೂಲೆಯೆಂಬುದು ಎಲ್ಲಿಂದ ಬಂತು?

ವಾಚಕರು ಮನೆಯಲ್ಲೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಸುಮಾರು ಒಂದು ಮೀಟರ್ ಉದ್ದದ ರಬ್ಬರು ಕೊಳವೆಯನ್ನು ತಲೆಯ ಹಿಂದುಗಡೆಯಿಂದ ತಂದು, ಅದರ ಎರಡು ತುದಿಗಳನ್ನು ಎರಡು ಕಿವಿಗಳಿಗೆ ಮೆಲ್ಲಗೆ ಆನಿಸಿಕೊಳ್ಳಿ, ಒಳಕ್ಕೆ ತುರುಕಬಾರದು. ಕೊಳವೆಯ ನಡುಮಧ್ಯದಲ್ಲಿ ಇನ್ನೊಬ್ಬರು ಪೆನ್ಸಿಲಿನಿಂದ ತಟ್ಟಲಿ. ಸದ್ದು ತಲೆಯ ನಡುವೆ ಕೇಳುತ್ತದೆ. ಈಗ ನಡುವಿನಿಂದ ಒಂದೇ ಸೆಂಟಿಮೀಟರ್ ಬಲಕ್ಕೆ ತಟ್ಟಿಸಿ. ಸದ್ದು ಬಲಕ್ಕೆ ವಾಲುತ್ತದೆ. ಎಡದ ದಾರಿ ಒಂದು ಸೆಂಟಿಮೀಟರ್ ಹೆಚ್ಚಿತು, ಬಲದ್ದು ಒಂದು ಸೆಂಟಿಮೀಟರ್ ಕಡಿಮೆಯಾಯಿತು. ಒಟ್ಟು ವ್ಯತ್ಯಾಸ ಎರಡು ಸೆಂಟಿಮೀಟರ್. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಎರಡು ಸೆಂಟಿಮೀಟರನ್ನು ಕ್ರಮಿಸಲು ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 60 ಪಾಲು. ಗಡಿಯಾರದ ಅಂಗಡಿಯವರು ಕೂಡ ತಲೆ ಕೆಡಿಸಿಕೊಳ್ಳದ ಈ ಅಲ್ಪಕಾಲವನ್ನು ನಮ್ಮ ಮಿದುಳು ಅಳೆದು, 'ಬಲಕ್ಕೆ' ಎಂದು ತೀರ್ಪು ಕೊಡುತ್ತದೆ!

ಈ ವಿಷಯವನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಅಗ್ರಗಣ್ಯರು ಲಾರ್ಡ್ ರ‍್ಯಾಲೆ. ಆರ್ಗಾನ್ ಅನಿಲವನ್ನು ಕಂಡುಹಿಡಿದುದಕ್ಕಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದವರೇ ಇವರು. 1907ರಲ್ಲಿ ಅವರು ಪ್ರಕಟಿಸಿದ ವಿಚಾರದ ಸಾರಾಂಶ ಇಷ್ಟು: ದಿಕ್ಕನ್ನು ತಿಳಿಯಲು ಕಿವಿಗೆ ಎರಡು ಉಪಾಯಗಳಿವೆ. ತಗ್ಗು ಸ್ವರಗಳ ತರಂಗವು ಉದ್ದವಾದುದು. ಸೆಕೆಂಡಿಗೆ 340 ಕಂಪನಗಳ ಸ್ವರಕ್ಕೆ ಒಂದು ಮೀಟರ್. ಅಂಥ ತರಂಗವು ತಲೆಯನ್ನು ಲಕ್ಷಿಸದೆ ಬಳಸಿಕೊಂಡು ಹೋಗುವುದರಿಂದ ಎರಡು ಕಿವಿಗಳಲ್ಲೂ ಸದ್ದಿನ ಬಲ ಒಂದೇ; ಅಲ್ಲಿ ಕಾಲದ ವ್ಯತ್ಯಾಸವೇ ಗತಿ. 3,400 ಕಂಪನಗಳ ಏರುಸ್ವರದ ತರಂಗವಾದರೋ ಹತ್ತೇ ಸೆಂಟಿಮೀಟರ್. ತಲೆ ಅದಕ್ಕೆ ಅಡ್ಡ ನಿಲ್ಲುತ್ತದೆ, ಆಚೆಯ ಕಿವಿಯ ಮೇಲೆ ಶಬ್ದದ ನೆರಳು ಬೀಳುತ್ತದೆ. ಅಲ್ಲಿ ಬಲದ ವ್ಯತ್ಯಾಸವೇ ಮುಖ್ಯ. ಸದ್ದು ನೇರವಾಗಿ ಒಂದು ಪಕ್ಕದಿಂದ ಬಂದಾಗ ಕಾಲದ ವ್ಯತ್ಯಾಸವು ಗರಿಷ್ಠವಾಗಿ, ಸೆಕೆಂಡಿನ ಹತ್ತು ಸಾವಿರ ಪಾಲುಗಳಲ್ಲಿ ಸುಮಾರು ಆರೂವರೆ ಪಾಲನ್ನು ಮುಟ್ಟುತ್ತದೆ.

ಇವೆರಡರಿಂದ ಎಡಬಲಗಳು ತಿಳಿಯುವುವೇ ಹೊರತು ಮುಂದುಹಿಂದು, ಮೇಲುಕೆಳಗು ತಿಳಿಯವು. ನೇರ ಎದುರಿನ ಸದ್ದಿಗೂ ನೇರ ಬೆನ್ನಿನ ಸದ್ದಿಗೂ ಎರಡು ಕಿವಿಗಳು ಸಮದೂರದಲ್ಲಿವೆಯಷ್ಟೆ. ಇಲ್ಲಿ ನೆರವಿಗೆ ಬರುವುದು, ಓಲೆ ಸಿಕ್ಕಿಸಿಕೊಳ್ಳುವುದಕ್ಕಷ್ಟೇ ಇರುವುದೆಂದು ಹಲವರು ತಿಳಿದಿರುವ ಹೊರಕಿವಿಯ ಆಲೆ. ಅದರ ಮಡಿಕೆಗಳಲ್ಲಿ ಬಡಿದು ಬರುವ ಶಬ್ದದ ಕೆಲವು ಏರುಸ್ವರಗಳು ಬಲಿಯುತ್ತವೆ, ಕೆಲವು ಕುಗ್ಗುತ್ತವೆ; ಯಾವುದು ಬಲಿತಿತು, ಯಾವುದು ಕುಗ್ಗಿತು ಎಂಬುದು ಬಂದ ದಿಕ್ಕನ್ನು ಅವಲಂಬಿಸಿದೆ. 1998ರಲ್ಲಿ ಹಾಲೆಂಡಿನ ಸಂಶೋಧಕರು ಕೆಲವರ ಕಿವಿಯ ಮಡಿಕೆಗಳಲ್ಲಿ ಅಚ್ಚುಗಳನ್ನು ಕೂರಿಸಿ ಆಲೆಯ ಆಕಾರವನ್ನೇ ಬದಲಿಸಿ ನೋಡಿದರು. ಕೂಡಲೇ ಅವರಿಗೆ ಸದ್ದು ಮೇಲಿನಿಂದ ಬಂದಿತೋ ಕೆಳಗಿನಿಂದ ಬಂದಿತೋ ತಿಳಿಯದಾಯಿತು. ಆದರೆ ಕೆಲವು ವಾರಗಳು ಆ ಅಚ್ಚುಗಳೊಡನೆಯೇ ಬಾಳಿದ ಮೇಲೆ ಮಿದುಳು ಹೊಸ ಕಿವಿಯ ಭಾಷೆಯನ್ನು ಕಲಿತಿತು. ಇನ್ನೂ ಸೋಜಿಗದ ಮಾತೆಂದರೆ, ಅಚ್ಚನ್ನು ತೆಗೆದಾಗ ಹಳೆಯ ಕಿವಿಯ ಭಾಷೆ ಮರೆತುಹೋಗಿರಲಿಲ್ಲ. ಎರಡು ನುಡಿಗಳನ್ನು ಬಲ್ಲವರಂತೆ ಅವರು ಎರಡು ಕಿವಿಗಳನ್ನು ಬಲ್ಲವರಾಗಿದ್ದರು.

ಈಗ ಮಿಥ್ಯಾಮಂದಿರಕ್ಕೆ ಮರಳೋಣ. ಶಬ್ದವು ಕಂಪ್ಯೂಟರಿನಲ್ಲಿ ಸಂಖ್ಯೆಗಳ ಸಾಲಾಗಿರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಂಖ್ಯೆಗಳು. ಹಾಡುವ ಕಂಠವು ನಮ್ಮ ಬಲಗಡೆಯ ಮೂಲೆಯಲ್ಲಿದೆಯೆಂದು ಮಿದುಳನ್ನು ಒಪ್ಪಿಸಬೇಕಾದರೆ, ಅದೇ ಸಾಲನ್ನು ಎಡದ ಬಿಲ್ಲೆಗೆ 31 ಸಂಖ್ಯೆಗಳಷ್ಟು ತಡವಾಗಿ ಕಳಿಸಬೇಕು, ಏರುಸ್ವರಗಳನ್ನು ಕುಗ್ಗಿಸಬೇಕು, ಆಲೆಯ ಮಡಿಕೆಗಳು ಮಾಡುತ್ತಿದ್ದ ಮಾರ್ಪಾಡನ್ನು ಲೆಕ್ಕದಿಂದ ಸೇರಿಸಬೇಕು. ಈ ಮಾರ್ಪಾಡನ್ನು ಬೊಂಬೆಯ ತಲೆಯ ಕಿವಿಗಳಲ್ಲಿ ಮೈಕ್ರೋಫೋನುಗಳನ್ನಿಟ್ಟು ಅಳೆಯುವುದುಂಟು. ಅಮೆರಿಕದ ಎಂ.ಐ.ಟಿ.ಯಲ್ಲಿ 1994ರಲ್ಲಿ ಇಂಥ ಬೊಂಬೆಯ ಸುತ್ತ 710 ಸ್ಥಾನಗಳಿಂದ ಸದ್ದು ಮಾಡಿ ಅಳೆದ ಪಟ್ಟಿಯು ಲೋಕದ ಉಪಯೋಗಕ್ಕೆ ದೊರೆತಿದೆ. ಕನ್ನಡಿಯು ಕಿರಣಗಳಿಗೆ ಮಾಡಿದುದನ್ನೇ ಈ ಲೆಕ್ಕವು ಶಬ್ದಕ್ಕೆ ಮಾಡುತ್ತದೆ. ಮೂಲೆಯಿಂದ ಬಂದಿದ್ದರೆ ಹೇಗೆ ಬರುತ್ತಿತ್ತೋ ಹಾಗೆಯೇ ಅದು ಕಿವಿಯನ್ನು ಸೇರುತ್ತದೆ.

ಕೊಠಡಿಯ ಧ್ವನಿ

ದಿಕ್ಕಾಯಿತು, ದೂರ? ದೂರವು ಇಮ್ಮಡಿಯಾದರೆ ಶಬ್ದದ ತೀವ್ರತೆ ಕಾಲು ಪಾಲಿಗೆ ಇಳಿಯುವುದೆಂಬುದು ಸರ್ವವಿದಿತ. ಆದರೆ ಕುಗ್ಗಿಸಿದ ಮಾತ್ರಕ್ಕೆ ಸದ್ದು ದೂರದ್ದಾಗುವುದಿಲ್ಲ. ಕಿವಿಯ ಬಳಿ ಪಿಸುಗುಟ್ಟಿದ ಮಾತು ಎಷ್ಟು ಮೆಲ್ಲನಿದ್ದರೂ ಹತ್ತಿರದ್ದೇ. ದೂರವನ್ನು ಸಾರುವುದು ಗೋಡೆಗಳು. ನೇರವಾಗಿ ಬರುವ ಶಬ್ದವು ದೂರ ಹೋದಂತೆ ಕ್ಷೀಣಿಸುತ್ತದೆ; ಗೋಡೆ ಚಾವಣಿಗಳಲ್ಲಿ ಬಡಿದು ಕೊಠಡಿಯನ್ನೆಲ್ಲ ತುಂಬುವ ಅನುರಣನವಾದರೋ ಎಲ್ಲ ಕಡೆಯೂ ಸುಮಾರಾಗಿ ಒಂದೇ. ನೇರ ಶಬ್ದಕ್ಕೂ ಅನುರಣನಕ್ಕೂ ಇರುವ ಪ್ರಮಾಣವೇ ಮಿದುಳಿಗೆ ಅಳತೆಗೋಲು.

ಅನುರಣನದ ಲೆಕ್ಕವನ್ನು ಕಂಡುಹಿಡಿದವರು ಹಾರ್ವರ್ಡಿನ ವ್ಯಾಲೇಸ್ ಸೆಬಿನ್. ಅಲ್ಲಿಯ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಮೊಳಗುತ್ತಿದ್ದು, ಒಂದು ಪದದ ಮೇಲೆ ಹತ್ತು ಪದ ಬಿದ್ದು ಏನೂ ತಿಳಿಯದಂತಾಗಿತ್ತು. ತರುಣ ಉಪಾಧ್ಯಾಯರಾಗಿದ್ದ ಸೆಬಿನ್‌ಗೆ 1895ರಲ್ಲಿ ಈ ರೋಗದ ಚಿಕಿತ್ಸೆಯನ್ನು ವಹಿಸಲಾಯಿತು. ಪಕ್ಕದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು ಹರಡಿ, ಅಳೆದು, ಬೆಳಗಾಗುವುದರೊಳಗೆ ಅವನ್ನು ಮರಳಿ ಇಟ್ಟುಬರುತ್ತ ಆತನು ಕಂಡುಕೊಂಡ ಸೂತ್ರ ಸರಳವಾದುದು: ಕೊಠಡಿಯ ಘನಮೀಟರುಗಳನ್ನು 0.16ರಿಂದ ಗುಣಿಸಿ, ಶಬ್ದವನ್ನು ಹೀರುವ ಮೈಯ ಚದರ ಮೀಟರುಗಳಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಹತ್ತು ಮೀಟರ್ ಉದ್ದ, ಎಂಟು ಅಗಲ, ನಾಲ್ಕು ಎತ್ತರದ ತರಗತಿಯ ಘನ 320. ಬರಿಯ ಗೋಡೆಗಳಿದ್ದು ಹೀರುವ ಮೈ 16 ಚದರ ಮೀಟರಿದ್ದರೆ ಅನುರಣನ 3.2 ಸೆಕೆಂಡು, ಹುಡುಗರು ತುಂಬಿ, ಪರದೆಗಳನ್ನು ಬಿಟ್ಟು, ಅದು 64ಕ್ಕೆ ಏರಿದರೆ 0.8 ಸೆಕೆಂಡು. ಖಾಲಿ ತರಗತಿಯಲ್ಲಿ ಕಂಚಿನ ಕಂಠವೆನ್ನಿಸಿದ ಉಪಾಧ್ಯಾಯನ ದನಿ ತುಂಬಿದ ತರಗತಿಯಲ್ಲಿ ಸಪ್ಪೆಯಾಗುವ ಗುಟ್ಟಿದು.

ವಿಜಾಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರು ಬಲ್ಲರು: ಅಲ್ಲಿಯ ಮರುದನಿಯನ್ನು ಕಲ್ಲು ಗಾರೆಗಳಿಂದ ಬೇರ್ಪಡಿಸಿ ಮನೆಗೆ ತರಲಾಗದು. ಮಿಥ್ಯಾಮಂದಿರದಲ್ಲಿ ಮಾತ್ರ ಅದು ಒಂದು ಸಂಖ್ಯೆ. ಕಿರಿದಾದ ಓಣಿಯಿಂದ ಎತ್ತರದ ಕೊಠಡಿಗೆ ಕಾಲಿಟ್ಟ ಕ್ಷಣದಲ್ಲಿ ಯಂತ್ರವು ಆ ಸಂಖ್ಯೆಯನ್ನು ಬದಲಿಸುತ್ತದೆ. ಕಣ್ಣು ಚಾವಣಿಯನ್ನು ಕಾಣುವ ಮೊದಲೇ ಕಿವಿ ಎತ್ತರವನ್ನು ಕಂಡಿರುತ್ತದೆ. ಗೋಡೆಯ ಆಚೆಗಿನ ಸದ್ದಿಗೂ ಉಪಾಯವುಂಟು. ಮದುವೆಯ ದಿಬ್ಬಣವು ಬೀದಿಯ ತಿರುವಿನಲ್ಲಿರುವಾಗ ಮೊದಲು ಕೇಳುವುದು ಡೋಲು. ನಾಗಸ್ವರವು ತಿರುವು ದಾಟಿದ ಮೇಲೆ. ಡೋಲಿನ ಉದ್ದ ತರಂಗಗಳು ಮೂಲೆಯನ್ನು ಬಳಸಿ ಬರುತ್ತವೆ, ಗೋಡೆಯನ್ನೂ ಹಾಯುತ್ತವೆ. ಆದ್ದರಿಂದ ಹಾಡಿನ ಏರುಸ್ವರಗಳನ್ನು ಸೋಸಿ ತೆಗೆದುಬಿಟ್ಟರೆ ಅದು ತಾನಾಗಿ ಪಕ್ಕದ ಕೊಠಡಿಗೆ ಹೋಗಿ ಕೂರುತ್ತದೆ. ಬಾಗಿಲನ್ನು ದಾಟುವಾಗ ಸೋಸುವುದನ್ನು ನಿಲ್ಲಿಸಿದರಾಯಿತು.

ಒಂದು ತೊಡಕಿನ ಮಾತನ್ನೂ ಹೇಳಬೇಕು. ಮೂಲಪಟ್ಟಿಯಲ್ಲೇ ಒಂದು ಕೊಠಡಿ ಅಡಗಿರಬಹುದು. 'ಕಿಡ್ ಎ'ಯ ತಂತಿವಾದ್ಯಗಳನ್ನು ಆಕ್ಸ್‌ಫರ್ಡಿಗೆ ಸಮೀಪದ ಡಾರ್ಚೆಸ್ಟರ್ ಆಬಿ ಎಂಬ ಹಳೆಯ ಇಗರ್ಜಿಯಲ್ಲಿ ಸೇಂಟ್ ಜಾನ್ಸ್ ವಾದ್ಯವೃಂದದವರಿಂದ ನುಡಿಸಿ ಮುದ್ರಿಸಿಕೊಂಡಿದ್ದರು. ಹನ್ನೆರಡನೆಯ ಶತಮಾನದ ಆ ಕಲ್ಲುಗೋಡೆಗಳ ಅನುರಣನವು ಪಿಟೀಲಿನ ನಾದದೊಡನೆ ಬೆರೆತೇ ಇದೆ. ಹಾಲಿನಿಂದ ನೀರನ್ನು ಪೂರ್ತಿಯಾಗಿ ತೆಗೆಯುವ ಹಂಸವಿನ್ನೂ ಈ ವಿದ್ಯೆಗೆ ದೊರೆತಿಲ್ಲ. ಹೀಗಾಗಿ ಇಲ್ಲದ ಕೊಠಡಿಯಲ್ಲಿ ಅದನ್ನು ಕೇಳುವವನು ಎರಡು ಕಟ್ಟಡಗಳಲ್ಲಿ ಏಕಕಾಲಕ್ಕೆ ನಿಂತಿರುತ್ತಾನೆ. ಶಾಸ್ತ್ರದ ದೃಷ್ಟಿಯಿಂದ ಇದು ದೋಷ. ಕಿವಿಗೆ ದೋಷವೆಂದು ತೋರಲಿಲ್ಲವೆಂಬುದು ಬೇರೆ ಮಾತು.

ಎಡವು ಬಲವಾದಾಗ

ಇನ್ನು ನನ್ನ ಎಡಗಿವಿಯ ವಿಚಾರ. ಎರಡು ಪಟ್ಟಿಗಳ ಸ್ಟೀರಿಯೋ ಪದ್ಧತಿಗೆ ಆಲನ್ ಬ್ಲಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರು 1931ರಲ್ಲಿಯೇ ಪೇಟೆಂಟು ಅರ್ಜಿ ಹಾಕಿದ್ದರು. ಅಂಥ ಮುದ್ರಿಕೆಗಳು ಅಂಗಡಿಗಳಲ್ಲಿ ಹರಡಿದುದು 1958ರಿಂದ ಈಚೆಗೆ. ಎಲ್ಲರಿಗೂ ವರವಾದ ಅದು ನನ್ನಂಥವರಿಗೆ ಶಾಪವಾಯಿತು. ಬೀಟಲ್ಸ್ ತಂಡದ 1963ರ ಸ್ಟೀರಿಯೋ ಮುದ್ರಿಕೆಗಳಲ್ಲಿ ಕಂಠಗಳು ಬಲಕ್ಕೂ ವಾದ್ಯಗಳು ಎಡಕ್ಕೂ ಹಂಚಿಹೋಗಿವೆ. ಹೆಡ್‌ಫೋನಿನಲ್ಲಿ ಕೇಳಿದರೆ ನನ್ನ ಪಾಲಿಗೆ ನಾಲ್ವರು ಹುಡುಗರು ಬರಿಗೈಯಲ್ಲಿ ಹಾಡುತ್ತಾರೆ, ವಾದ್ಯಗಳು ನೆರೆಮನೆಯಲ್ಲಿ ನುಡಿಯುತ್ತವೆ. ತಲೆಯನ್ನು ತಿರುಗಿಸಿ ಪ್ರಯೋಜನವಿಲ್ಲ. ಬಿಲ್ಲೆಗಳೂ ತಲೆಯೊಡನೆ ತಿರುಗುತ್ತವೆ. ಬೆರೆಸಿದವರು ಯಾವುದನ್ನು ಎಡಕ್ಕಿಟ್ಟರೋ ಅದು ಎಂದೆಂದಿಗೂ ಎಡಕ್ಕೇ. ಹೆಡ್‌ಫೋನನ್ನು ತಿರುವುಮುರುವಾಗಿ ಹಾಕಿಕೊಂಡು ಎರಡು ಸಲ ಕೇಳುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಬಂದಿದೆ. ಮೊದಲ ಸಲ ಕಂಠ, ಎರಡನೆಯ ಸಲ ವಾದ್ಯ. ಎರಡನ್ನೂ ಕೂಡಿಸುವ ಕೆಲಸ ನೆನಪಿನದು.

ಬದುಕಿನಲ್ಲಿ ಹಾಗಲ್ಲ. ಸಭೆಯಲ್ಲಿ ಎಡಗಡೆ ಕುಳಿತವರು ಮಾತಾಡಿದರೆ ನಾನು ಕುರ್ಚಿಯನ್ನೇ ತಿರುಗಿಸುತ್ತೇನೆ. ಒಂದೇ ಕಿವಿಯುಳ್ಳವರಿಗೂ ದಿಕ್ಕು ತಿಳಿಯುವ ದಾರಿಯೊಂದುಂಟು: ತಲೆಯನ್ನು ಹೊರಳಿಸುತ್ತ, ಯಾವ ಕಡೆ ಸದ್ದು ಬಲಿಯುವುದೆಂದು ಹೋಲಿಸಿ ನೋಡುವುದು. ಎರಡು ಕಿವಿಗಳು ಏಕಕಾಲಕ್ಕೆ ಮಾಡುವುದನ್ನು ಒಂದು ಕಿವಿ ಎರಡು ಕಾಲಗಳಲ್ಲಿ ಮಾಡುತ್ತದೆ.

ಈ ಪ್ರದರ್ಶನದಲ್ಲಿ ನನಗೆ ದೊರೆತುದು ಅದೇ ಸ್ವಾತಂತ್ರ್ಯ. ಕತ್ತಲೆಯ ಓಣಿಯೊಂದರಲ್ಲಿ ಸಾಗುವಾಗ ಎಡಗಡೆ ಏನೋ ಇದೆಯೆಂಬ ಸಂಶಯ, ಸ್ಪಷ್ಟವಾಗಿ ಕೇಳದು. ಅಭ್ಯಾಸಬಲದಿಂದ ಹೆಡ್‌ಫೋನನ್ನು ತೆಗೆದು ಮಗುಚಲು ಕೈಯೆತ್ತಿದೆ. ಅಷ್ಟರಲ್ಲಿ ಕೀಲಿಮಣೆಯ ಮೇಲಿದ್ದ ಇನ್ನೊಂದು ಕೈ ತಗಲಿ ತೆರೆಯ ಮೇಲಿನ ನೋಟವು ಅರ್ಧಸುತ್ತು ಹೊರಳಿತು. ಎಡದ ಗೋಡೆ ಬಲಕ್ಕೆ ಬಂತು. ಅದರೊಡನೆ ಸದ್ದೂ ಬಂತು. ಎಡಕ್ಕೆ ಹೋಗಬೇಕಾದ 31 ಸಂಖ್ಯೆಗಳ ತಡವನ್ನು ಯಂತ್ರವು ಬಲದಿಂದ ಎಡಕ್ಕೆ ಸಾಗಿಸಿತ್ತು, ಅಷ್ಟೆ. ಮನುಷ್ಯಕಂಠವೊಂದು, ಮಾತಿಗೂ ನಾದಕ್ಕೂ ನಡುವೆ, ನನ್ನ ಒಳ್ಳೆಯ ಕಿವಿಯ ಪಕ್ಕದಲ್ಲೇ ಹಾಡುತ್ತಿತ್ತು. ಮೊದಲೆಲ್ಲ ಬೆರೆಸುವವನ ಕೈಯಲ್ಲಿದ್ದ ಎಡಬಲಗಳು ಈಗ ಕೇಳುವವನ ಕಾಲಿಗೆ ಬಂದಿದ್ದುವು.

ಇದಕ್ಕೆ ಬೆಲೆ ತೆರಬೇಕಾಗಿಲ್ಲವೆಂದಲ್ಲ. ಆಲ್ಬಮ್ಮಿನಲ್ಲಿ ಹಾಡಿನ ಮೇಲೆ ಹಾಡನ್ನು ಇಂಥದೇ ಕ್ರಮದಲ್ಲಿ ಕೇಳಬೇಕೆಂದು ರಚಿಸಿದವರು ಬಹಳ ಯೋಚಿಸಿ ಇಟ್ಟಿರುತ್ತಾರೆ. ಇಲ್ಲಿ ಸುತ್ತಾಡುವವನು ಅದನ್ನು ಕಲಸಿಬಿಡುತ್ತಾನೆ. ಬೊಂಬೆಯ ತಲೆಯ ಲೆಕ್ಕವೂ ಎಲ್ಲ ಕಿವಿಗಳಿಗೆ ಹೊಂದುವುದಿಲ್ಲ. ಆಲೆಯ ಆಕಾರ ಬೆರಳಚ್ಚಿನಂತೆ ಒಬ್ಬೊಬ್ಬರದು ಒಂದೊಂದು. ಬೇರೆಯವರ ಆಲೆಯಿಂದ ಕೇಳುವವನಿಗೆ ಮುಂದಿನ ಸದ್ದು ಹಿಂದೆ, ಕೆಲವೊಮ್ಮೆ ತಲೆಯ ಒಳಗೇ, ಕೇಳುವುದುಂಟು. ಹಾಲೆಂಡಿನ ಪ್ರಯೋಗದವರಿಗೆ ಹೊಸ ಕಿವಿ ಒಗ್ಗಲು ವಾರಗಳೇ ಹಿಡಿದುವು. ನಾವು ಅದರೊಳಗಿರುವುದು ಒಂದೆರಡು ಗಂಟೆ. ತೆರೆಯ ಮೇಲಿನ ನೋಟವನ್ನು ಹೊರಳಿಸಿದಾಗ ಮಾತ್ರ ಸದ್ದು ಹೊರಳುತ್ತದೆ; ಕುಳಿತವನು ನಿಜವಾಗಿ ಕತ್ತು ತಿರುಗಿಸಿದರೆ ಮಂದಿರವೆಲ್ಲ ಅವನೊಡನೆ ತಿರುಗುತ್ತದೆ. ಕತ್ತಿನ ಚಲನೆಯನ್ನು ಅಳೆಯುವ ಹೆಡ್‌ಫೋನುಗಳು ಈಗ ಬಂದಿವೆ. ಅವುಗಳೊಡನೆ ಇಂಥ ಮಂದಿರವನ್ನು ಹೊಕ್ಕು ನೋಡುವ ಆಸೆ ನನಗಿದೆ.

ನನ್ನ ಸುತ್ತಾಟವನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದ ವಿದ್ಯಾರ್ಥಿಗೆ ಕೊನೆಕೊನೆಗೆ ನಗು ತಡೆಯಲಾಗಲಿಲ್ಲ. "ಓಣಿಯಲ್ಲೆಲ್ಲ ಯಾಕೆ ಸಾರ್ ಹಿಂದುಮುಂದಾಗಿ ನಡೀತಿದ್ದೀರಿ?" ಎಂದು ಕೇಳಿದನು. ಎಡಗೋಡೆಯ ಕೊಠಡಿಗಳನ್ನು ಬಲಕ್ಕೆ ತಂದುಕೊಳ್ಳಲು ನಾನು ಅಷ್ಟು ಹೊತ್ತೂ ಬೆನ್ನು ಮುಂದೆ ಮಾಡಿಕೊಂಡೇ ನಡೆದಿದ್ದೆ. ಕಾರಣವನ್ನು ಹೇಳಿದೆ. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಡ್‌ಫೋನನ್ನು ತೆಗೆದುಕೊಂಡು, ಎಡದ ಬಿಲ್ಲೆಯನ್ನು ಕಿವಿಯಿಂದ ಸರಿಸಿ, ಅದೇ ಓಣಿಯನ್ನು ಮತ್ತೆ ಮೊದಲಿನಿಂದ ನಡೆಯತೊಡಗಿದನು. ಮೂರನೆಯ ತಿರುವಿನಲ್ಲಿ ಅವನೂ ಬೆನ್ನು ತಿರುಗಿಸಿದನು.